ಎಷ್ಟು ಸಿಲಿಂಡರಿನ ಎರಕ?

"ಎಂಜಿನ್ ಕುದೀತಿತ್ತು ಅಂತ ಅದರ ಮೇಲೆ ತಣ್ಣೀರು ಸುರಿದ್ರಾ?"

"ಪಾಪ, ತುಂಬಾ ಬಿಸಿಯಾಗಿತ್ತು..."

"ಜ್ವರ ಬಂದಿತ್ತಾ ಅದಕ್ಕೆ, ಒದ್ದೆ ಬಟ್ಟೆ ಹಾಕೋಕೆ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಮೇಷ್ಟ್ರು ಅಂದರೆ ನರೆತ ಗಡ್ಡದವರಲ್ಲ. ಮೂವತ್ತೆರಡರ ಪ್ರಾಯ, ಹೈಸ್ಕೂಲಿನಲ್ಲಿ ಕನ್ನಡ ಪಾಠ, ಚಿಕ್ಕಪ್ಪ ಬಿಟ್ಟುಹೋದ ಅರವತ್ತು ವರ್ಷದ ಕಾರಿಗೆ ಒಡೆಯ. ಆ ಕಾರಿನ ಎಂಜಿನ್ ಬ್ಲಾಕ್ ಈಗ, ಹೀಗೆ ದಬಾಯಿಸುತ್ತಿದ್ದ ರಿಪೇರಿ ಹುಡುಗಿಯ ಮೇಜಿನ ಮೇಲೆ ಮಗ್ಗುಲಾಗಿ ಮಲಗಿತ್ತು. ಪಕ್ಕೆಯಲ್ಲಿ ಗೇಣುದ್ದದ ಬಿರುಕು. ಬಿರುಕಿನ ಮೇಲೆ ಹಲ್ಲುಜ್ಜುವ ಪೇಸ್ಟಿನ ಹಾಗೆ ಏನೋ ಮೆತ್ತಿತ್ತು.

"ಇದೇನಿದು?"

"ಅಂಟು," ಅಂದರು ಮೇಷ್ಟ್ರು, ಹೋಂವರ್ಕ್ ಮರೆತ ಹುಡುಗನ ದನಿಯಲ್ಲಿ. "ನಾನೇ ಹಚ್ಚಿದೆ."

ಲೇತಿನ ಹಿಂದಿನಿಂದ ಅವಳ ಸೋದರಮಾವ ನಕ್ಕುಬಿಟ್ಟ. "ಬಿಡೇ ಪುಟ್ಟಿ, ಹೊಟ್ಟೆಗೆ ಹಾಕ್ಕೋ. ಪುಣ್ಯಕ್ಕೆ ವೆಲ್ಡಿಂಗ್ ಮಾಡಿಸಿಲ್ಲವಲ್ಲ!"

ಶೆಡ್ಡು ಮಾವನದು, ಹೆಸರು ಅವಳದು. ಎರಕದ ಕಬ್ಬಿಣಕ್ಕೆ ಬೆಂಕಿ ತಾಗಿಸದೆ ಬಿರುಕು ಹೊಲಿಯುವ ಕೈ ಸುತ್ತಮುತ್ತ ಬೇರೆ ಇರಲಿಲ್ಲ. ಮಾವ, ಸೊಸೆ ಇಬ್ಬರೂ ಬ್ಲಾಕನ್ನು ಬರೀ 'ಎರಕ' ಅನ್ನುತ್ತಿದ್ದರು. ದಿನವಿಡೀ ಅದೇ ಮಾತು, ಅದೇ ಜಪ.

"ಬೇರೆ ಎಂಜಿನ್ ಕೂರಿಸಿ, ಇದನ್ನ ಗುಜರಿಗೆ ಹಾಕಿ ಅಂದ್ರು ಎಲ್ಲರೂ," ಅಂದರು ಮೇಷ್ಟ್ರು.

"ಯಾರವರು, ಬುದ್ಧಿವಂತರು?" ಅವಳು ಬ್ಲಾಕಿನ ಮೇಲ್ಮುಖದ ಅಂಚನ್ನು ಬಟ್ಟೆಯಿಂದ ಉಜ್ಜಿದಳು. ಪುಟ್ಟ ಪುಟ್ಟ ಅಂಕಿಗಳು ಕಣ್ಣುಬಿಟ್ಟವು. "ಈ ನಂಬರ್ ನೋಡಿ. ಕಾರಿನ ಕಾಗದದಲ್ಲೂ ಇದೇ ಇರುತ್ತೆ. ಹುಟ್ಟಿದಾಗಿನ ಜೋಡಿ ರೀ ಇದು. ಜೋಡಿ ತಪ್ಪಿದ್ರೆ ಹಳೇ ಕಾರಿನ ಬೆಲೆ ಅರ್ಧಕ್ಕಿಳಿಯುತ್ತೆ."

"ಜೋಡಿ..." ಅಂದರು ಮೇಷ್ಟ್ರು. ಅವರ ಕಣ್ಣು ನಂಬರಿನ ಮೇಲಿರಲಿಲ್ಲ.

ಅವಳಿಗೆ ಗೊತ್ತಾಯಿತು. ಆಗಲೇ ಬಿಗಿಯಾಗಿದ್ದ ಮೇಜಿನ ವೈಸ್ ಇಕ್ಕಳವನ್ನು ಇನ್ನೊಂದು ಸುತ್ತು ಬಿಗಿದಳು.

ಮಾರನೆಯ ದಿನದಿಂದ ಸ್ಕೂಲು ಬಿಟ್ಟ ಕೂಡಲೇ ಮೇಷ್ಟ್ರು ಹಾಜರ್. ಬಿರುಕಿನ ಉದ್ದಕ್ಕೂ ಅವಳು ತೂತು ಕೊರೆಯುವುದು, ಒಳಗೆ ತಿರುಪಿನ ಸುತ್ತು ಕೊರೆದು ಕಬ್ಬಿಣದ ಮೊಳೆ ತಿರುಗಿಸಿ ಕೂರಿಸುವುದು, ತಲೆ ಮುರಿಯುವುದು, ಅದರ ಮೈಯನ್ನೇ ಅರ್ಧ ಕಚ್ಚಿ ಮುಂದಿನ ತೂತು ಕೊರೆಯುವುದು, ಎಲ್ಲವನ್ನೂ ಸ್ಟೂಲಿನ ಮೇಲೆ ಕೂತು ಬಿಟ್ಟ ಕಣ್ಣು ಬಿಟ್ಟಂತೆ ನೋಡುವರು.

"ಒಂದನ್ನೊಂದು ಕಚ್ಚಿಕೊಂಡೇ ಇರಬೇಕಾ?"

"ಹೂಂ. ಬಿಡಿಬಿಡಿಯಾಗಿದ್ರೆ ನೀರು ಸೋರುತ್ತೆ."

"ಮನುಷ್ಯರೂ ಅಷ್ಟೇ."

"ಮೇಷ್ಟ್ರೇ, ಪಾಠ ಸ್ಕೂಲಲ್ಲಿ. ಇಲ್ಲಿ ಟಾರ್ಚ್ ಹಿಡೀರಿ."

ಟಾರ್ಚಿನ ಬೆಳಕು ಬಿರುಕು ಬಿಟ್ಟು ಅವಳ ಕೆನ್ನೆಯ ಮಸಿಯ ಮೇಲೆ ಬೀಳುತ್ತಿತ್ತು. "ಕೆಳಗೆ," ಅನ್ನುವಳು. ಇಳಿಯುತ್ತಿತ್ತು. ಮತ್ತೆ ಮೆಲ್ಲಗೆ ಹತ್ತುತ್ತಿತ್ತು.

ಹೊಲಿಗೆ ಮುಗಿದಾಗ ಮೇಲ್ಮುಖ ಕೂದಲೆಳೆಯಷ್ಟು ಸೊಟ್ಟಗಿತ್ತು. "ಮಿಷನ್ನಿಗೆ ಕೊಡು, ಒಂದು ಗಂಟೆ ಕೆಲಸ," ಅಂದ ಮಾವ.

"ನಂಬರ್ ಅಳಿಸಿಹೋಗುತ್ತೆ ಮಾವ. ಕೈಯಲ್ಲೇ ಕೆರೀತೀನಿ."

ಒಂದು ದಿನವಲ್ಲ, ಎರಡು ದಿನವಲ್ಲ, ಆರು ದಿನ ಕೆರೆದಳು. ಮಾವ ಗಡ್ಡ ಕೆರೆದುಕೊಂಡ. "ಪುಟ್ಟಿ, ನೀನು ಉಳಿಸ್ತಿರೋದು ಯಾವ ನಂಬರೇ? ಎರಕದ್ದೋ, ಮೇಷ್ಟ್ರ ಫೋನಿಂದೋ?"

ಅವಳು ಇನ್ನಷ್ಟು ಬಗ್ಗಿ ಕೆರೆದಳು. ಬ್ಲಾಕು ಒಮ್ಮೆ ಶೆಡ್ಡಿನ ಬಾಗಿಲು ದಾಟಿತೆಂದರೆ ಮೇಷ್ಟ್ರಿಗೆ ಇಲ್ಲೇನು ಕೆಲಸ? ಆ ಪ್ರಶ್ನೆ ಡ್ರಿಲ್ಲಿನಂತೆ ಎದೆಯಲ್ಲಿ ಗಿರಗಿರ ಸುತ್ತುತ್ತಿತ್ತು. ಕೆಲಸ ಕೆಡಿಸಲು ಕೈ ಒಪ್ಪದು, ಮುಗಿಸಲು ಮನಸ್ಸು ಒಪ್ಪದು.

ಶುಕ್ರವಾರ ಪರೀಕ್ಷೆ. ಬ್ಲಾಕಿನ ಬಾಯಿಗಳಿಗೆಲ್ಲ ತಗಡು ಬಿಗಿದು, ನೀರು ತುಂಬಿ ಪಂಪು ಒತ್ತಿದಳು. ಒತ್ತಡದ ಮುಳ್ಳು ಏರಿತು. ಹೊಲಿಗೆಯ ಮೇಲೆ ಬೆರಳಾಡಿಸಿದಳು. ಒಣ. ಇನ್ನೂ ಏರಿಸಿದಳು. ಕಾಲು ಗಂಟೆ ಮೂವರೂ ಕಣ್ಣು ಕೀಳದೆ ನಿಂತರು. ಮುಳ್ಳು ಕೂದಲಷ್ಟೂ ಕದಲಲಿಲ್ಲ.

"ಗೆದ್ದೆ ಕಣೇ!" ಮಾವ ಸ್ಪ್ಯಾನರಿನಿಂದ ಡ್ರಮ್ಮು ಬಾರಿಸಿದ. ಮೇಷ್ಟ್ರು ಖುಷಿಗೆ ಅವಳ ಎರಡೂ ಕೈ ಹಿಡಿದುಕೊಂಡು, ಹಿಡಿದದ್ದು ತಿಳಿದ ಮೇಲೆ ಕೆಂಪಾಗಿ, ಬಿಟ್ಟು, ಬಾಗಿಲೆಂದು ಕಿಟಕಿಯತ್ತ ಹೊರಟರು.

ಸಂಜೆ ಅವಳ ಫೋನಿಗೆ ಮೆಸೇಜು ಬಂತು: 'ನಾಳೆ ಬ್ಲಾಕ್ ಒಯ್ಯಲು ಬರುತ್ತೇನೆ. ಇನ್ನೊಂದು ಎರಕದ ವಿಷಯ ಹೇಳುವುದಿದೆ. ಹತ್ತು ದಿನದಿಂದ ಬಚ್ಚಿಟ್ಟುಕೊಂಡಿದ್ದೇನೆ.'

"ಮಾವಾ! ಮೇಷ್ಟ್ರ ಹತ್ರ ಇನ್ನೊಂದು ಎರಕ ಇದೆಯಂತೆ!"

ಬೆಳಿಗ್ಗೆ ಮೇಜು ಗುಡಿಸಿದಳು, ಡ್ರಿಲ್ಲುಗಳಿಗೆ ಸಾಣೆ ಹಿಡಿದಳು, ಸ್ಟೂಲನ್ನು ಎರಡು ಸಲ ಒರೆಸಿದಳು. ಎಂಟು ಸಿಲಿಂಡರಿನದಾದರೆ ಚೆನ್ನ. ಎಂಟಿದ್ದರೆ ತಿಂಗಳ ಕೆಲಸ.

ಟೆಂಪೋ ಬಂದು ನಿಂತಿತು. ಮೇಷ್ಟ್ರು ಇಳಿದರು, ಇಸ್ತ್ರಿ ಅಂಗಿ, ಬರಿಗೈ. ಅವಳು ಟೆಂಪೋದ ಹಿಂಭಾಗಕ್ಕೆ ಇಣುಕಿದಳು. ಖಾಲಿ.

"ಎಲ್ಲಿ ರೀ?"

"ಏನು?"

"ಎರಕ! ಎಷ್ಟು ಸಿಲಿಂಡರ್?"

ಮೇಷ್ಟ್ರು ಖಾಲಿ ಟೆಂಪೋ ನೋಡಿದರು, ಅವಳನ್ನು ನೋಡಿದರು. ಆಮೇಲೆ ನಗು ಒತ್ತರಿಸಿ ಬಂದು ಕನ್ನಡಕ ತೆಗೆಯಬೇಕಾಯಿತು. "ಅಯ್ಯೋ... ಹಳಗನ್ನಡದಲ್ಲಿ ಎರಕ ಅಂದ್ರೆ ಒಲವು. ಪ್ರೀತಿ. ನೀವಿಬ್ರೂ ದಿನಾ ಎರಕ ಎರಕ ಅಂತಿದ್ರೆ ನನಗೆ ಮೈ ಜುಂ ಅಂತಿತ್ತು. ಅದೇ ಮಾತಲ್ಲಿ ಹೇಳಿದ್ರೆ ನಿಮಗೆ ಅರ್ಥ ಆಗುತ್ತೆ ಅಂತ..."

ಲೇತು ಥಟ್ಟನೆ ನಿಂತಿತು. ಮಾವ ನಿಲ್ಲಿಸಿದ್ದ.

ಅವಳ ಮುಖ ಕುಲುಮೆಯಾಯಿತು. "ಒಂದು ವಿಷಯ ಹೇಳ್ಲಾ? ನಂಬರ್ ಉಳಿಸೋಕೆ ಮೂರು ದಿನ ಕೆರೆದಿದ್ರೆ ಸಾಕಿತ್ತು."

"ಆರು ದಿನ ಕೆರೆದ್ರಲ್ಲ?"

"ಕೆರೆದೆ."

ಮೇಷ್ಟ್ರಿಗೆ ಲೆಕ್ಕ ಹತ್ತಲು ತುಸು ಹೊತ್ತು ಹಿಡಿಯಿತು. ಹತ್ತಿದ ಮೇಲೆ ಮುಖ ನೋಡಬೇಕಿತ್ತು!

ನಾಲ್ಕು ಜನ ಸೇರಿ ಬ್ಲಾಕನ್ನು ಟೆಂಪೋಗೆ ಏರಿಸಿದರು. ಡ್ರೈವರು ಹಾರನ್ ಹೊಡೆದ. ಮೇಷ್ಟ್ರು ಬಾಗಿಲು ಹಿಡಿದುಕೊಂಡೇ ನಿಂತಿದ್ದರು, ಹತ್ತಲಾರದೆ, ಉಳಿಯಲಾರದೆ.

"ಸರೀರಿ ಆಚೆ," ಅಂದಳು ಅವಳು.

"ಯಾಕೆ?"

"ನೀವೊಬ್ರೇ ಕೂರಿಸಿದ್ರೆ ಮತ್ತೆ ಅಂಟು ಹಚ್ತೀರಿ."

ಕೈಯ ಗ್ರೀಸೂ ತೊಳೆಯದೆ ಅವರ ತೋಳು ಹಿಡಿದು ಒಳಗೆ ತಳ್ಳಿ, ತಾನೂ ಹತ್ತಿ ಪಕ್ಕದಲ್ಲಿ ಕೂತುಬಿಟ್ಟಳು. ಹೊಸ ಇಸ್ತ್ರಿಯ ತೋಳಿನ ಮೇಲೆ ಐದೂ ಬೆರಳು ಅಚ್ಚೊತ್ತಿದವು. ಮೇಷ್ಟ್ರು ಅದನ್ನು ಒರೆಸಿಕೊಳ್ಳಲಿಲ್ಲ.

"ಪುಟ್ಟೀ, ಮಧ್ಯಾಹ್ನ ಊಟಕ್ಕೆ ಬರ್ತೀಯೇನೇ?" ಮಾವ ಕೂಗಿದ.

"ನನ್ನ ಕಾಯಬೇಡ ಮಾವಾ!"

ಟೆಂಪೋ ಹೊರಟಿತು.