ಎಂಟು ಗೇಣಿನ ಪತ್ರ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹಿರೇಬಯಲು ಕಾರಾಗೃಹದ ಪತ್ರಗೋಡೆ ಬೆಳಗಿತು. ಅರವತ್ತು ಕೈದಿಗಳ ಹೆಸರಿನ ಅರವತ್ತು ಚೌಕಟ್ಟುಗಳು ಒಂದೊಂದಾಗಿ ಕೆಳಕ್ಕೆ ಹಿಗ್ಗತೊಡಗಿದವು. ಒಂದು ಗೇಣಿನಷ್ಟಾಗಿ ಕೆಲವು ನಿಂತವು, ಮೂರು ಗೇಣಿನವರೆಗೆ ಕೆಲವು ಇಳಿದವು. ಪತ್ರವಿಲ್ಲದವರ ಚೌಕಟ್ಟು ಹೆಸರನ್ನಷ್ಟೇ ಹೊತ್ತು ಒಂದು ಬೆರಳಿನಗಲಕ್ಕೇ ಉಳಿಯಿತು. ಮುಖ್ಯ ವಾರ್ಡರ್ ಚನ್ನವೀರ ಅಬ್ಬಿಗೇರಿ ನೇರವಾಗಿ ಮೂವತ್ತೇಳನೆಯ ಚೌಕಟ್ಟಿನ ಎದುರು ಹೋಗಿ ಬಲಗೈ ಚಾಚಿ ಮೇಲಿಂದ ಕೆಳಗೆ ಅಳೆದ. ಎಂಟು ಗೇಣು. ಹದಿನಾಲ್ಕು ಶನಿವಾರಗಳಿಂದ ಅದು ಎಂಟೇ ಗೇಣು.

ಗೋಡೆ ಕಾರಾಗೃಹದ್ದು, ಪತ್ರ ಹೊರಗಿನ ಅಂಚೆಯದು. ಚೌಕಟ್ಟು ಎಂದರೆ ಗೋಡೆಯಲ್ಲಿ ತೆರೆದ ಕಿಟಕಿ. ಅದರೊಳಗೆ ಕಾಣುವ ಪುಟವನ್ನು ಗೋಡೆಯೂ ಓದಲಾರದು. ನೋಡುವವರಿಗೆಲ್ಲ ಬೂದಿ ಬಣ್ಣ. ಪತ್ರ ಯಾರಿಗೆ ಬಂದಿದೆಯೋ ಅವನು ತನ್ನ ಹೆಬ್ಬೆಟ್ಟು ಒತ್ತಿ ತೆರೆದ ಮುದ್ರೆಗನ್ನಡಕದಿಂದ ನೋಡಿದರೆ ಮಾತ್ರ ಅಕ್ಷರ ಕಾಣುತ್ತದೆ. ಮೊದಲು ಎಲ್ಲ ಕಿಟಕಿಗಳೂ ಒಂದೇ ಗೇಣಿನವಾಗಿದ್ದವು. ಉದ್ದದ ಪತ್ರ ಬಂದರೆ ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಓದಬೇಕು. ವಯಸ್ಸಾದವರಿಗೆ ಸಾಲು ತಪ್ಪಿ ಅರ್ಧ ಸುದ್ದಿ ಹೋಗುತ್ತಿತ್ತು. ಈ ತೊಂದರೆ ನೀಗಿಸಿದವರು ಡಾ. ಕುಮುದಾ ಜಹಗೀರದಾರ. ಅವರ ಹಿಗ್ಗುಚೌಕಟ್ಟಿನಲ್ಲಿ ಒಳಗಿನ ಪುಟ ಹೊರಗಿನ ಗೋಡೆಗೆ ಒಂದೇ ಒಂದು ಸಂಖ್ಯೆ ಹೇಳುತ್ತದೆ: ನಾನು ಇಷ್ಟು ಎತ್ತರ. ಗೋಡೆ ಒಪ್ಪಿದರೆ ಅಷ್ಟು ಜಾಗ ಕೊಡುತ್ತದೆ. ಅದೂ ಎಂಟು ಗೇಣು ಮೀರುವಂತಿಲ್ಲ, ಪಕ್ಕದವನ ಮೇಲೆ ಹರಡುವಂತಿಲ್ಲ. ಪತ್ರ ಮುಚ್ಚಿದೊಡನೆ ಗೋಡೆ ಆ ಸಂಖ್ಯೆಯನ್ನೂ ಮರೆಯುತ್ತದೆ.

ಗೋಡೆ ಮರೆಯಬಹುದು, ಚನ್ನವೀರ ಮರೆಯುವವನಲ್ಲ. ಹಗ್ಗ ಕಂಡರೂ ಒಮ್ಮೆ ಕೋಲಿನಿಂದ ತಿವಿದು ನೋಡುವ ಮನುಷ್ಯ ಆತ. ಅವನ ಗೇಣು ಎಂದೂ ತಪ್ಪಿದ್ದಿಲ್ಲ. ಬೇಲಿಯ ಕಂಬದಿಂದ ಹಿಡಿದು ಕೈದಿಯ ರೊಟ್ಟಿಯವರೆಗೆ ಎಲ್ಲದಕ್ಕೂ ಆ ಕೈಯೇ ಪ್ರಮಾಣ. ಮೂವತ್ತೇಳನೆಯವನು ಪರಸಪ್ಪ. ಅವನ ಹೆಸರು ಸನ್ನಡತೆಯ ಬಿಡುಗಡೆಯ ಪಟ್ಟಿಯಲ್ಲಿತ್ತು, ಸಮಿತಿ ಸೇರಲು ಹತ್ತೇ ದಿನ ಉಳಿದಿತ್ತು. ಅಷ್ಟರಲ್ಲಿ ಚನ್ನವೀರ ವರದಿ ಬರೆದ: ಪತ್ರದಲ್ಲಿ ಗುಟ್ಟಿನ ಸಂಕೇತವಿರುವ ಅನುಮಾನ, ಹೆಸರು ತೆಗೆಯಬಹುದು. ಹನ್ನೊಂದಕ್ಕೆ ಅಧೀಕ್ಷಕರು ಬಂದು ತೀರ್ಮಾನಿಸುವವರಿದ್ದರು. ವಿವರಣೆಗೆಂದು ಕುಮುದಾ ಅವರನ್ನೂ ಕರೆಸಿದ್ದರು.

"ಒಳಗಿನ ಒಂದಕ್ಷರವೂ ಹೊರಗೆ ಬರುವುದಿಲ್ಲ, ಅಬ್ಬಿಗೇರಿಯವರೇ. ಅದು ಪೂರ್ತಿ ಸುರಕ್ಷಿತ," ಎಂದರು ಕುಮುದಾ.

"ಅಕ್ಷರ ಯಾರಿಗೆ ಬೇಕ್ರಿ ಮೇಡಮ್ಮಾರ? ನೋಡ್ರಿ, ಆ ಎರಡು ಗೇಣಿಂದು ವಕೀಲರ ಪತ್ರ. ವಕೀಲರು ಯಾವಾಗಲೂ ಅಷ್ಟ ಬರೀತಾರ. ಅಲ್ಲಿ ನಾಕು ಬೆರಳಿಂದು ಐತಲ್ಲ, ಅದು ಸಾವಿನ ಸುದ್ದಿ. ಸತ್ತಾಗ ಯಾರಿಗೂ ಉದ್ದ ಬರಿಯಾಕ ಆಗಂಗಿಲ್ಲ. ಅದು ಬಂದಾವನ್ನ ಇವತ್ತ ಒಬ್ಬನ್ನ ಬಿಡಬ್ಯಾಡ್ರಿ ಅಂತ ಕಾವಲಿನವರಿಗೆ ಆಗಲೇ ಹೇಳೇನಿ."

ಕುಮುದಾ ತಮ್ಮದೇ ಗೋಡೆಯನ್ನು ಹೊಸದಾಗಿ ಕಂಡವರಂತೆ ನಿಂತರು. ಬಾಗಿಲಿಗೆ ಭದ್ರವಾದ ಬೀಗ ಹಾಕಿ, ಗೋಡೆಯನ್ನೇ ಗಾಜಿನಲ್ಲಿ ಕಟ್ಟಿದ್ದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು.

"ಮೂವತ್ತೇಳನೆಯದು?" ಎಂದರು ಮೆಲ್ಲಗೆ.

"ಅದಕ್ಕ ಅರ್ಥ ಇಲ್ಲ. ವಾರಕ್ಕೊಂದು ಎಂಟು ಗೇಣಿನ ಪತ್ರ ಯಾರ ಬರೀತಾರ್ರಿ? ಹೆಂಡ್ತಿನೂ ಬರಿಯಂಗಿಲ್ಲ. ಇವಗಂತೂ ಬಂಧು ಬಳಗ ಯಾರೂ ಇಲ್ಲ."

ಪರಸಪ್ಪನನ್ನು ಕರೆಸಿದರು. ಪತ್ರದ ಮಾತೆತ್ತಿದ್ದೇ ತಡ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅವನ ಕೈ ಕನ್ನಡಕದ ಮೇಲೆ ಹೋಯಿತು. ಚನ್ನವೀರನಿಗೆ ಇನ್ನೇನು ಬೇಕು!

"ತೋರಿಸೋ ಪರಸ್ಯಾ. ತೋರಿಸಲಿಲ್ಲಂದ್ರ ಬಿಡುಗಡೆ ಇಲ್ಲ."

"ಇಲ್ಲದಿದ್ರ ಇಲ್ಲ ಬಿಡ್ರಿ. ಉಳಿದ ಎರಡು ವರ್ಷ ಅಲ್ಲ, ನಾಕು ವರ್ಷ ಇರ್ತೀನಿ."

"ಯಾರನ್ನ ಉಳಸಾಕತ್ತೀಯೋ?"

ಪರಸಪ್ಪ ಅಂಗಳದ ಕಡೆ ನೋಡಿದ. ಹನ್ನೊಂದಕ್ಕೆ ಗೋಡೆಯ ಬಳಿ ಬರಲು ಕೈದಿಗಳು ಸಾಲು ಕಟ್ಟುತ್ತಿದ್ದರು. "ನೀವಿಬ್ಬರ ನೋಡ್ತೀರಂದ್ರ ತೋರಸ್ತೀನ್ರಿ," ಎಂದ. "ದೊಡ್ಡ ಸಾಹೇಬ್ರಿಗೂ ಬ್ಯಾಡ, ಆ ಮಂದಿಗಂತೂ ಬ್ಯಾಡಽ ಬ್ಯಾಡ."

ಅವನು ಹೆಬ್ಬೆಟ್ಟು ಒತ್ತಿ ಕನ್ನಡಕ ತೆಗೆದುಕೊಟ್ಟ. ಚನ್ನವೀರ ಹಾಕಿಕೊಂಡು ಮೇಲಿಂದ ಕೆಳಗೆ ನೋಡಿದ. ಏನೂ ಇರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ, ಅಂಚಿನಲ್ಲಿ ಏನಾದರೂ ಅಡಗಿದೆಯೇ ಎಂದು ಮೊಣಕಾಲೂರಿ ಹುಡುಕಿದ. ಎಂಟು ಗೇಣು ಬರೀ ಬಿಳುಪು.

"ಏನೋ ಇದು?"

"ಇಮಾಮಸಾಬ ಕಳಸ್ತಾನ್ರಿ," ಎಂದ ಪರಸಪ್ಪ. ಇಮಾಮಸಾಬ ಅವನ ಜೊತೆ ಒಂದೇ ಕೋಣೆಯಲ್ಲಿದ್ದು ನಾಲ್ಕು ತಿಂಗಳ ಹಿಂದೆ ಬಿಡುಗಡೆಯಾದ ಮುದುಕ. "ಅವಗ ಓದಾಕ ಬರಿಯಾಕ ಬರಂಗಿಲ್ಲ. ಜೈಲಿಗೆ ಪತ್ರ ಅಂದ್ರ ಇನ್ನೊಬ್ಬರು ಬರದೂ ಕೊಡಂಗಿಲ್ಲ. ಅಂಚೆ ಮನಿಗೆ ಹೋಗಿ ಖಾಲಿ ಸಾಲಿನ ಗುಂಡಿ ಮ್ಯಾಲ ಬೆರಳಿಟ್ಟು ಕುಂದರ್ತಾನ. ಇನ್ನ ಸಾಕು ಅಂತ ಯಂತ್ರ ಹೇಳೂತನಕ."

"ಯಾಕಪ್ಪ?" ಎಂದರು ಕುಮುದಾ.

"ಮೊದಲ ಎಲ್ಲಾರ ಕಿಟಕಿನೂ ಒಂದ ಅಳತಿ ಇದ್ದುವ್ರಿ ಅಮ್ಮಾರ. ಯಾರಿಗೆ ಪತ್ರ ಬಂತು, ಯಾರಿಗಿಲ್ಲ, ತಿಳೀತಿರಲಿಲ್ಲ. ನಿಮ್ಮ ಹಿಗ್ಗೂ ಕಿಟಕಿ ಬಂದ ಮ್ಯಾಲ ದಿಕ್ಕಿಲ್ಲದವರು ಯಾರಂತ ಗ್ವಾಡಿ ಮ್ಯಾಲ ಬರದಂಗ ಆತು. ನನಗ ಒಂದಬೆರಳ್ಯಾ ಅಂತ ಹೆಸರಿಟ್ರು. ಕೇಳಾವ್ರಿಲ್ಲಂತ ತಾವು ಉಂಡ ಗಂಗಾಳ ನನ್ನ ಕಡೆ ತೊಳಸಿದ್ರು. ಹೋಗೂ ದಿನ ಇಮಾಮಸಾಬ ನನ್ನ ಕೈ ಹಿಡದು ಅಂದಾ, ನಿನ್ನ ಕಿಟಕಿ ಬೋಳು ಇರಾಕ ಬಿಡಂಗಿಲ್ಲ ಅಂತ."

ಸಂಶಯಕ್ಕೆ ಮದ್ದಿಲ್ಲ ಎನ್ನುತ್ತಾರೆ. ಚನ್ನವೀರ ಇನ್ನೊಮ್ಮೆ ಕನ್ನಡಕ ಹಾಕಿ ಬಿಳುಪನ್ನು ನೋಡಿದ. ಆದರೆ ಈ ಸಲ ಹುಡುಕಲಿಲ್ಲ. ಕನ್ನಡಕ ಮಡಚಿ ಪರಸಪ್ಪನ ಕೈಗಿಟ್ಟ.

ಗೇಟು ಸದ್ದು ಮಾಡಿತು. ಅಧೀಕ್ಷಕರು ವರದಿ ಹಿಡಿದು ಬಂದರು, ಹಿಂದೆಯೇ ಕೈದಿಗಳ ಸಾಲು.

"ಏನ್ರಿ ಅಬ್ಬಿಗೇರಿ, ಹದಿನಾಲ್ಕು ವಾರ ಒಂದೇ ಅಳತೆ ಅಂತ ಬರೆದಿದ್ದೀರಿ. ಹಾಗಿದ್ದರೆ ಸಂಕೇತವೇ ಇರಬೇಕು. ಎಲ್ಲರೆದುರೇ ತೆರೆಸಿಬಿಡೋಣ. ಡಾಕ್ಟರೇ, ನಿಮ್ಮ ಗೋಡೆಯ ಲೆಕ್ಕ ಏನು ಹೇಳುತ್ತೆ?"

"ಹಳೆಯದನ್ನು ಗೋಡೆ ಇಟ್ಟುಕೊಳ್ಳುವುದಿಲ್ಲ ಸರ್," ಎಂದರು ಕುಮುದಾ. "ಇವತ್ತಿನದನ್ನು ನಾನು ಹೇಳುವುದಿಲ್ಲ. ಪತ್ರ ಎಷ್ಟುದ್ದ ಎನ್ನುವುದೂ ಪತ್ರದೊಳಗಿನ ಮಾತೇ. ಅದು ನನಗೆ ಈಗಷ್ಟೇ ತಿಳಿಯಿತು."

"ಹಾಗಾದರೆ ಅಬ್ಬಿಗೇರಿ, ನೀವೇ ಅಳೆಯಿರಿ. ನಿಮ್ಮ ಕೈ ತಪ್ಪುವುದಿಲ್ಲವಲ್ಲ."

ಪರಸಪ್ಪ ನೆಲ ನೋಡುತ್ತಿದ್ದ. ಚನ್ನವೀರ ಗೋಡೆಯ ಮೇಲೆ ಹೆಬ್ಬೆರಳಿಟ್ಟು, ಬೆರಳಿನ ಸಂದಿ ಹರಿಯುವಷ್ಟು ಕೈ ಹಿಗ್ಗಿಸಿದ. ಒಂದು, ಎರಡು ಎಂದು ಎಲ್ಲರಿಗೂ ಕೇಳುವಂತೆ ಎಣಿಸುತ್ತ ಬಂದ. ಕಡೆಯ ಗೇಣು ಚೌಕಟ್ಟಿನ ಅಂಚು ದಾಟಿಹೋಯಿತು.

"ಏಳು ಗೇಣು, ಮೂರು ಬೆರಳು, ಸಾಹೇಬ್ರ."

"ಎಂಟಲ್ಲವೇ? ಹೋದ ವಾರ?"

"ಆರೂವರಿ ಇತ್ತೇನೋರಿ. ವಯಸ್ಸಾತ್ರಿ, ಕೈ ಮೊದಲಿನಂಗ ಇಲ್ಲ. ನನ್ನ ವರದಿನಽ ತಪ್ಪೈತಿ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧೀಕ್ಷಕರು ಕೆಂಗಣ್ಣು ಬಿಟ್ಟು, ಇನ್ನು ಮೇಲೆ ಅಳೆಯುವ ಕೆಲಸ ನಿಮಗೆ ಬೇಡ ಎಂದು ಗದರಿಸಿ, ವರದಿಯನ್ನು ಹರಿದು ಹೊರಟುಹೋದರು. ಪಟ್ಟಿಯಲ್ಲಿ ಪರಸಪ್ಪನ ಹೆಸರು ಉಳಿಯಿತು. ಚನ್ನವೀರ ಉಳುಕಿದ ಕೈಯನ್ನು ಕಂಕುಳಲ್ಲಿಟ್ಟುಕೊಂಡು ಪಕ್ಕಕ್ಕೆ ಸರಿದು ನಿಂತ.

ಕೈದಿಗಳು ತಂತಮ್ಮ ಚೌಕಟ್ಟಿನ ಮುಂದೆ ನಿಂತರು. ಪರಸಪ್ಪ ಕನ್ನಡಕ ಹಾಕಿ, ಎಡದಿಂದ ಬಲಕ್ಕೆ ಕಣ್ಣಾಡಿಸುತ್ತ ನಿಧಾನವಾಗಿ ಓದತೊಡಗಿದ. ಪಕ್ಕದ ಮುದುಕನ ಚೌಕಟ್ಟು ಒಂದು ಬೆರಳಿನಷ್ಟಿತ್ತು. ಅವನು ಆಸೆಯಿಂದ ಕೇಳಿದ, "ಇಷ್ಟ ದೊಡ್ಡ ಪತ್ರ! ಏನೇನ ಬರದಾರೋ?"

"ಎಲ್ಲಾರೂ ಆರಾಮ ಅದಾರಂತ, ಕಾಕಾ," ಎಂದ ಪರಸಪ್ಪ. "ನಿಮ್ಮನ್ನೂ ಕೇಳ್ಯಾರ."