ನೀರು ಹಾಕಬಾರದಿದ್ದ ಕುಂಡ

"ಈ ಅಂಕಿ ಅಳೆದು ಬರೆದಿದ್ದಾ, ಇಲ್ಲಾ ಮನಸ್ಸಿಗೆ ಬಂದಿದ್ದಾ?"

ವಿಜ್ಞಾನಿ ನಗುತ್ತಲೇ ಕೇಳಿದರೂ ಒಂಬತ್ತನೇ ತರಗತಿಯ ಹುಡುಗಿಯ ಮುಖ ಸಣ್ಣಗಾಯಿತು. ಹನ್ನೊಂದು ದಿನ ನೀರು ಕಾಣದ ಬೀನ್ಸ್ ಗಿಡ ಎರಡು ಸೆಂಟಿಮೀಟರ್ ಬೆಳೆದಿದೆ ಎಂದರೆ ಯಾರು ನಂಬುತ್ತಾರೆ?

"ಅಳೆದೇ ಬರೆದೆ ಸರ್."

"ಇದನ್ನ ವಿಜ್ಞಾನ ಪ್ರದರ್ಶನಕ್ಕೆ ಕಳಿಸೋಕಾಗಲ್ಲ ಮರಿ."

ಹುಡುಗಿ ನೋಟ್‌ಬುಕ್ ಅವಚಿಕೊಂಡು ಹೊರಗೆ ಹೋದಳು. ಲ್ಯಾಬಿನ ಮೂಲೆಯಲ್ಲಿ ಟೀಚರ್ ಒರೆಸಿದ ಬೀಕರನ್ನೇ ಮತ್ತೆ ಒರೆಸುತ್ತಿದ್ದಳು.

ಸಂಶೋಧನಾ ಕೇಂದ್ರದಿಂದ ಪ್ರತಿ ಬುಧವಾರ ಬರುತ್ತಿದ್ದ ವಿಜ್ಞಾನಿ ಮೊದಲು ಕಿಟಕಿಯ ಕುಂಡಗಳನ್ನು ನೋಡುತ್ತಿದ್ದ, ಆಮೇಲೆ ಟೀಚರನ್ನು. ಆ ಎರಡನೇ ನೋಟಕ್ಕಾಗಿ ಅವಳು ಮಂಗಳವಾರವೇ ಬಟ್ಟೆ ಆರಿಸಿಡುತ್ತಿದ್ದಳು. ನೀರು ಹಾಕದೆ ಬಿಟ್ಟ ಕುಂಡದ ಗಿಡ ಬಾಡಿದ ದಿನ ಪ್ರಯೋಗ ಮುಗಿಯಿತು, ತಾನು ಬರುವುದೂ ಮುಗಿಯಿತು ಎಂದು ಅವನೇ ಹೇಳಿದ್ದ. ಶುಕ್ರವಾರ ಗಿಡ ತಲೆ ಬಾಗಿಸಿತು. ಎಲ್ಲರೂ ಹೋದ ಮೇಲೆ ಅವಳು ಅರ್ಧ ಲೋಟ ನೀರು ಸುರಿದಳು. ಸೋಮವಾರ ಇನ್ನರ್ಧ.

"ಆ ಕುಂಡಕ್ಕೆ ನೀರು ಹಾಕಿದ್ದು ನಾನು," ಎಂದಳು ಟೀಚರ್, ಬೀಕರು ಕೆಳಗಿಟ್ಟು.

"ಮರೆತು ಹಾಕಿದ್ರಾ?"

ಹೌದೆಂದರೆ ಬಚಾವು.

"ಇಲ್ಲ. ಗೊತ್ತಿದ್ದೇ. ಗಿಡ ಬಾಡಿದ್ರೆ ನೀವು ಬರಲ್ಲ ಅಂದಿದ್ರಲ್ಲ."

ಅವನ ಕಿವಿಗಳು ಕೆಂಪಾದವು. ಎಷ್ಟೋ ಬುಧವಾರಗಳಿಂದ ಅವಳು ಕಾದಿದ್ದ ನಗು ತುಟಿಯವರೆಗೆ ಬಂದು ನಿಂತಿತು.

"ಇದನ್ನೇ ಮೊದ್ಲೇ ಹೇಳಿದ್ರೆ ಎಷ್ಟು ಖುಷಿಯಾಗ್ತಿತ್ತು. ಈಗ ಆ ಮಗೂನ ಸುಳ್ಳುಬುರುಕಿ ಮಾಡಿಬಿಟ್ನಲ್ಲ."

"ನೀವಲ್ಲ. ನಾನು."

ಇಬ್ಬರೂ ಹೊರಗೆ ಬಂದಾಗ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು. ಟೀಚರ್ ಅವಳ ಎದುರು ನಿಂತು ಎಲ್ಲ ಹೇಳಿದಳು, ಯಾಕೆ ಎಂಬುದೊಂದನ್ನು ಬಿಟ್ಟು. ಹುಡುಗಿ ನೋಟ್‌ಬುಕ್ಕಿನ ಕಡೆಯ ಸಾಲು ತೋರಿಸಿದಳು: 'ಮಣ್ಣು ಒದ್ದೆ. ಕಾರಣ ಗೊತ್ತಿಲ್ಲ.'

"ಬರೆದಿದ್ದೆ ಸರ್. ನೀವು ಅಂಕಿ ಮಾತ್ರ ನೋಡಿದ್ರಿ."

"ತಪ್ಪಾಯ್ತು," ಎಂದ ಅವನು. "ಇದು ಹೀಗೇ ಪ್ರದರ್ಶನಕ್ಕೆ ಹೋಗುತ್ತೆ."

"ಕಾರಣ ತುಂಬಬೇಕಲ್ಲ, ಮಿಸ್?"

ಟೀಚರ್ ಪೆನ್ನು ತೆಗೆದುಕೊಂಡಳು. 'ನೀರು ಹಾಕಿದ್ದು ತರಗತಿಯ ಶಿಕ್ಷಕಿ' ಎಂದು ಬರೆದು ಸಹಿ ಹಾಕಿದಳು. ಎಲ್ಲರೂ ಓದುತ್ತಾರೆ. ಓದಲಿ.

"ಮುಂದಿನ ಬುಧವಾರ ಹೊಸ ಬೀಜ ತರ್ತೀನಿ," ಎಂದ ಅವನು, ಅವಳನ್ನೇ ನೋಡುತ್ತ. "ಗಿಡ ಬಾಡಿದ್ಮೇಲೂ ಬರ್ತೀನಿ. ದಯವಿಟ್ಟು ನೀರು ಹಾಕ್ಬೇಡಿ."

"ಬೀಗ ಹಾಕಿಡ್ತೀನಿ ಸರ್," ಎಂದಳು ಹುಡುಗಿ.

ಟೀಚರಿಗೆ ನಗು ಬಂತು. ಇವತ್ತು ನಗಲು ತನಗೆ ಮುಖವಿಲ್ಲ ಎನಿಸಿ ತಲೆ ತಗ್ಗಿಸಿದಳು.