ದುಭಾಷಿಯ ಬಾಯಲ್ಲಿ ನನ್ನ ಮಾತು

ನಾನು ಹತ್ತು ನಿಮಿಷ ಹೇಳಿದ್ದನ್ನು ಎಡ್ವರ್ಡ್ ಕ್ರಾಸ್ತಾ ಅರ್ಧ ನಿಮಿಷದಲ್ಲಿ ಅರಬಿಗೆ ತಿರುಗಿಸಿ ಮುಗಿಸಿದ. ಊರ ಸಮಿತಿಯ ಹಿರಿಯರೆಲ್ಲ ನನ್ನತ್ತ ನೋಡಿ ತಲೆಯಾಡಿಸಿದರು, ಗಡ್ಡ ನೀವಿಕೊಂಡರು, ಇನ್ನೊಂದು ಸುತ್ತು ಕಾಫಿ ತರಿಸಿದರು. ಬೈಸಿಕೊಂಡವರು ಅಷ್ಟು ಖುಷಿಯಲ್ಲಿ ಕಾಫಿ ಕುಡಿಯುವುದಿಲ್ಲ. ನನಗೆ ಅಲ್ಲೇ ಅನುಮಾನ ಬಂತು.

"ನೀವು ಅವರಿಗೆ ಎಂಥ ಹೇಳಿದ್ದು?" ಹೊರಗೆ ಬಂದ ಕೂಡಲೇ ಕೇಳಿದೆ.

"ನೀವು ಹೇಳಿದ್ದನ್ನೇ."

"ನಾನು 'ಇದು ಕೊಲೆ' ಅಂದೆ. ನೀವು 'ಶ್ವಯ್ಯ, ಶ್ವಯ್ಯ' ಅಂದದ್ದು. ಮೂರು ವರ್ಷದಿಂದ ಇಲ್ಲಿ ನರ್ಸ್ ನಾನು. ಅರಬಿಯಲ್ಲಿ 'ಸ್ವಲ್ಪ' ಅಂದ್ರೆ ಎಂಥ ಅಂತ ನನಗೂ ಗೊತ್ತುಂಟು ಮಾರಾಯ್ರೆ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. "ಸ್ವಲ್ಪ ಜಾಗ್ರತೆ ಮಾಡಿದ್ರೆ ಒಳ್ಳೇದಿತ್ತು ಅಂತ ಸಿಸ್ಟರ್ ಕೇಳಿಕೊಳ್ತಾರೆ ಅಂದೆ. ಕೊಲೆ ಅಂದಿದ್ರೆ ಇವತ್ತೇ ಖಲಾಸ್. ಇನ್ನೊಮ್ಮೆ ನಿಮ್ಮನ್ನು ಕರೀತಾನೇ ಇರ್ಲಿಲ್ಲ."

ಇಷ್ಟನ್ನೂ ಅವನು ನನ್ನ ಬಿಳಿ ಶೂಗಳಿಗೆ ಹೇಳಿದ. ಕನ್ನಡಕ ಹಾಕಿಕೊಂಡ ಮೇಲೆ ಒಮ್ಮೆ ಕಣ್ಣೆತ್ತಿದ. ಕಣ್ಣು ನನ್ನ ಮುಖದ ಮೇಲೆ ನಿಂತಿತು, ನಿಂತದ್ದು ಗೊತ್ತಾಯಿತು, ಅವಸರದಲ್ಲಿ ಪಕ್ಕದ ಬೇವಿನ ಮರಕ್ಕೆ ಹೋಯಿತು. ಸಿಟ್ಟಿನಲ್ಲಿ ನನ್ನ ಕೆನ್ನೆ ಕೆಂಪಾಗಿತ್ತು. ಸಿಟ್ಟಿನಲ್ಲೇ ಎಂದು ನಾನು ಅವತ್ತು ನಂಬಿದ್ದೆ.

ಅದು ತೊಂಬತ್ತೊಂದರ ಮೇ ತಿಂಗಳು. ನಮ್ಮದು ಮಸ್ಕತ್ತಿನಿಂದ ಹೊರಟು ಬರ್ಕಾ ದಾಟಿದ ಮೇಲೆ ಕಡಲಿಗೆ ಅಂಟಿಕೊಂಡಿರುವ ಸಣ್ಣ ಪಟ್ಟಣ. ನಾನು ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಎಡ್ವರ್ಡ್ ಅಲ್ಲಿನ ಮುನ್ಸಿಪಾಲಿಟಿಯಲ್ಲಿ ಗುಮಾಸ್ತ. ಅರಬಿ ಓದಿ ಬರೆದು ಮಾಡುತ್ತಿದ್ದುದರಿಂದ ದುಭಾಷಿಯ ಕೆಲಸವೂ ಅವನ ತಲೆಗೇ ಬಿದ್ದಿತ್ತು. ಊರಲ್ಲಿ ಇಬ್ಬರೂ ಕರಾವಳಿಯವರೇ, ನಾನು ಶಿರ್ವದವಳು, ಅವನು ಬೆಂದೂರಿನವನು. ಪ್ರತಿ ಶುಕ್ರವಾರ ರೂವಿಯ ಚರ್ಚಿಗೆ ಹೋಗುವ ವ್ಯಾನಿನಲ್ಲಿ ಅವನು ಡ್ರೈವರನ ಪಕ್ಕ ಕೂರುತ್ತಿದ್ದ, ನಾನು ಹಿಂದೆ. ಇಡೀ ದಾರಿ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ನಾನು ನೋಡಿದರೆ ಮಾತ್ರ ಅವನಿಗೆ ರಸ್ತೆಯ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟುತ್ತಿತ್ತು.

ಜಗಳದ ಮೂಲ ಒಂದು ಗುಂಡು. ಅಲ್ಲಿ ಮದುವೆಯ ದಿಬ್ಬಣ ಬರುವಾಗ ಗಂಡಸರು ಕೋವಿ ಎತ್ತಿ ಆಕಾಶಕ್ಕೆ ಹಾರಿಸುತ್ತಾರೆ. ಅಜ್ಜನ ಕಾಲದ ಕೋವಿ, ಅಜ್ಜನ ಕಾಲದ ಸಂಭ್ರಮ. ಮೇಲೆ ಹೋದದ್ದು ಕೆಳಗೂ ಬರುತ್ತದೆ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಏಪ್ರಿಲ್‌ನಲ್ಲಿ ಹಾಗೆ ಬಂದ ಗುಂಡೊಂದು ಉಸ್ಮಾನ್ ಬ್ಯಾರಿಯ ಅಂಗಡಿಯ ತಗಡು ತೂತು ಮಾಡಿ, ಒಳಗೆ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದ ಅವನ ಹೆಂಡತಿ ರುಕಿಯಾಳ ಭುಜಕ್ಕೆ ಹೊಕ್ಕಿತು. ಡಾಕ್ಟರು ಅದನ್ನು ತೆಗೆಯುವಾಗ ಟ್ರೇ ಹಿಡಿದು ನಿಂತವಳು ನಾನು. ಅವಳು ನನ್ನ ಮಣಿಕಟ್ಟನ್ನು ಕಚ್ಚಿ ಹಿಡಿದಿದ್ದಳು. ಆ ಗುರುತು ವಾರ ಇತ್ತು.

ಅದಾದ ಮೇಲೆ ಸಮಿತಿಗೆ ಅರ್ಜಿ ಬರೆದೆ. ಎರಡೇ ಬೇಡಿಕೆ. ಊರೊಳಗೆ ಕೋವಿ ಹಾರಿಸುವುದನ್ನು ನಿಲ್ಲಿಸಬೇಕು. ಊರವರು ಚಂದಾ ಎತ್ತಿ ಇಟ್ಟಿರುವ ನಿಧಿಯಲ್ಲಿ ನಮ್ಮ ಹೆಂಗಸರ ವಾರ್ಡಿನ ತಗಡಿನ ಮಾಡು ತೆಗೆದು ಕಾಂಕ್ರೀಟು ಹಾಕಿಸಬೇಕು. ಬಾಣಂತಿಯರು ಮಲಗುವ ಜಾಗ ಅದು. ಪಟ್ಟಣದಲ್ಲಿ ಮದುವೆ ಎಂದರೆ ನಾನು ಮಕ್ಕಳ ತೊಟ್ಟಿಲುಗಳನ್ನು ಎಳೆದು ಗೋಡೆಯ ಬದಿಗೆ ಸೇರಿಸುತ್ತಿದ್ದೆ.

ಮೇ ತಿಂಗಳ ಸಭೆಯಲ್ಲಿ ಕಾಫಿ ಮುಗಿಯಿತು, ತೀರ್ಮಾನ ಆಗಲಿಲ್ಲ. ಜೂನ್‌ನಲ್ಲಿ ಅರ್ಧ ಜನ ಹಜ್‌ಗೆ ಹೋದರು. ಜುಲೈ, ಆಗಸ್ಟ್ ಸೆಕೆಗೆ ಯಾರೂ ಸಭೆ ಸೇರುವುದಿಲ್ಲವಂತೆ. ಸೆಪ್ಟೆಂಬರಿನಲ್ಲಿ ಊರಿನ ಆಡಳಿತ ನೋಡುವ ವಾಲಿ ಸಾಹೇಬರು ಮಸ್ಕತ್ತಿನಲ್ಲಿದ್ದರು. ಪ್ರತಿ ಸಲವೂ ಸಭೆ ಮುಂದೆ ಹೋದ ಸುದ್ದಿಯನ್ನು ಎಡ್ವರ್ಡ್ ಟೈಪು ಮಾಡಿ ಸ್ವತಃ ತಂದುಕೊಡುತ್ತಿದ್ದ. ಒಂದು ಸಾಲಿನ ಕಾಗದ ಕೊಡಲು ಮುಕ್ಕಾಲು ಗಂಟೆ ಕೂರುತ್ತಿದ್ದ.

"ಇನ್ಶಾಅಲ್ಲಾ, ಬರುವ ತಿಂಗಳು ಖಂಡಿತ."

"ನಿಮ್ಮ ಖಂಡಿತಕ್ಕೆ ಯಾರಾದ್ರೂ ಹೆಂಗಸು ಸಾಯಬೇಕಾ?"

"ಸಿಟ್ಟು ಬಂದಾಗ ನೀವು..." ಎಂದು ಶುರು ಮಾಡಿದ.

"ನಾನು?"

"ಎಂಥದಿಲ್ಲ. ಚಾ ಉಂಟಾ?"

ನೋಡಿ, ಹೀಗೆ. ಬಾಯಿಯವರೆಗೆ ಬಂದದ್ದನ್ನು ನುಂಗಿ ಚಾ ಕೇಳುವ ಗಂಡಸು. ರುಕಿಯಾ ಡ್ರೆಸ್ಸಿಂಗಿಗೆ ಬಂದಾಗಲೆಲ್ಲ ಅವನ ಸ್ಕೂಟರು ಹೊರಗೆ ನಿಂತಿರುವುದನ್ನು ನೋಡಿ ನಗುತ್ತಿದ್ದಳು. "ಸಿಸ್ಟರೇ, ಆ ಮನುಷ್ಯನಿಗೆ ಎಂಥದೋ ಕಾಯಿಲೆ ಉಂಟು. ಒಂದು ಇಂಜೆಕ್ಷನ್ ಕೊಟ್ಟುಬಿಡಿ."

"ಕಾಯಿಲೆ ಅಲ್ಲ ರುಕಿಯಾ, ಬೆನ್ನುಮೂಳೆ ಇಲ್ಲ."

ತಮಾಷೆಗೆ ಹೇಳಿದೆ, ಆದರೆ ಒಳಗೊಳಗೆ ಬೇಯುತ್ತಿದ್ದೆ. ಊರಿನಿಂದ ಅಮ್ಮನ ಕಾಗದ ಬಂದಿತ್ತು. ಬಹರೇನಿನ ಹುಡುಗ, ಒಳ್ಳೇ ಕೆಲಸ, ನವೆಂಬರ್ ಇಪ್ಪತ್ತಕ್ಕೆ ರಜೆಯ ಮೇಲೆ ನಾನು ಊರಿಗೆ ಹೋದ ಮೂರನೇ ದಿನ ನೋಡಲು ಬರುತ್ತಾರೆ. ಅದೇ ದೇಶದ ಸೂರ್‌ನಲ್ಲಿ ಸ್ಟೋರ್‌ಕೀಪರ್ ಆಗಿದ್ದ ನನ್ನ ಅಣ್ಣ ಆಲ್ಫ್ರೆಡ್‌ಗೂ ಅವನೇ ಇಷ್ಟ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಅಣ್ಣನ ಮಾತೇ ಕಡೆಯ ಮಾತು. ಎಡ್ವರ್ಡ್ ಬಾಯಿ ಬಿಡದಿದ್ದರೆ ನಾನು ಯಾರ ಹೆಸರು ಹೇಳಿ ಬೇಡ ಅನ್ನಲಿ? ಬೇರೆ ದಾರಿ ಕಾಣದೆ ಒಂದು ದಿನ ಅವನ ಮುಂದೆಯೇ ಹೇಳಿದೆ.

"ಇಪ್ಪತ್ತಕ್ಕೆ ಊರಿಗೆ ಹೋಗ್ತೇನೆ. ಹುಡುಗ ನೋಡ್ಲಿಕ್ಕೆ ಬರ್ತಾನಂತೆ. ಬಹರೇನಿನವನು."

ಅವನ ಮುಖದ ಬಣ್ಣ ಹೋಯಿತು. ತುಟಿ ಬಿಚ್ಚಿತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಉಸಿರು ಹಿಡಿದು ಕಾದೆ.

"ಹೋಗಿ ಬನ್ನಿ," ಎಂದ. "ಬರುವಾಗ ಒಂದು ಬಾಟ್ಲಿ ಮಾವಿನ ಉಪ್ಪಿನಕಾಯಿ ತನ್ನಿ."

"ಎಲ್ಲಿಂದ ತರ್ಬೇಕು, ಬಹರೇನಿಂದಲಾ?"

ಅವನು ಹೋದ ಮೇಲೆ ಸ್ಟೋರ್ ರೂಮಿನಲ್ಲಿ ನಿಂತು ಅತ್ತೆ. ಹತ್ತಿಯ ಕಟ್ಟಿಗೆ ನಾಲ್ಕು ಗುದ್ದು ಹಾಕಿದೆ. ಮನಸ್ಸು ಹಗುರಾಗಲಿಲ್ಲ.

ಅಕ್ಟೋಬರಿನಲ್ಲಿ ಉರಿಯುವ ಬೆಂಕಿಗೆ ತುಪ್ಪ ಬಿತ್ತು. ಸಮಿತಿಯ ಮುಂದೆ ಹೊಸ ಸಲಹೆ ಬಂದಿದೆ ಎಂದು ಒಂದು ಪ್ರತಿ ಆಸ್ಪತ್ರೆಗೂ ಬಂತು. ನಿಧಿಯ ದುಡ್ಡಿನಲ್ಲಿ ಊರ ಹೊರಗೆ, ಗುಡ್ಡದ ಕಡೆಯ ಖಾಲಿ ಬಯಲನ್ನು ಸಮ ಮಾಡಿ ಮದುವೆ ಮೈದಾನ ಮಾಡುವುದು. ಕೋವಿ ಹಾರಿಸುವವರು ಅಲ್ಲಿ ಹಾರಿಸಲಿ. ವಾರ್ಡಿನ ಮಾಡು ಆಮೇಲೆ. ಜೊತೆಗೊಂದು ನಕ್ಷೆ. ಆ ಓರೆಯಾದ ಅಂದದ ಅಕ್ಷರ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಮುನ್ಸಿಪಾಲಿಟಿಗೆ ನಡೆದುಹೋದೆ. ಕಾಗದವನ್ನು ಎಡ್ವರ್ಡ್‌ನ ಟೈಪ್‌ರೈಟರಿನ ಮೇಲೆ ಬಡಿದೆ.

"ನನ್ನ ಮಾಡಿನ ದುಡ್ಡು ತೆಗೆದು ಅವರಿಗೆ ಆಟದ ಬಯಲು ಮಾಡಿಕೊಡ್ತೀರಾ?"

"ಕೂತ್ಕೊಳ್ಳಿ, ಹೇಳ್ತೇನೆ."

"ಕೂರುವುದಿಲ್ಲ."

"ರೋಸಲಿಂಡ್, ನಮ್ಮ ಚರ್ಚಿನ ಹಬ್ಬಕ್ಕೆ ಗರ್ನಾಲ್ ಪಟಾಕಿ ಬೇಡ ಅಂತ ಬೆಂದೂರಿನಲ್ಲಿ ಒಮ್ಮೆ ಹೇಳಿ ನೋಡಿ. ಫಾದರ್ ಹೇಳಿದ್ರೂ ಕೇಳುವುದಿಲ್ಲ. 'ಶಾಲೆಯ ಹತ್ತಿರ ಬೇಡ, ಗದ್ದೆಯಲ್ಲಿ ಹೊಡೀರಿ' ಅಂದ್ರೆ ಕೇಳ್ತಾರೆ. ಇವರೂ ಹಾಗೇ. ಬರೀ ಬೇಡ ಅಂದ್ರೆ ಕೋವಿ ಅಲ್ಲಿಯೇ ಇರ್ತದೆ, ನಿಮ್ಮ ಅರ್ಜಿ ಮಾತ್ರ ಹೋಗ್ತದೆ. ಕಾಂಕ್ರೀಟು ಒಂದು ವಾರ್ಡಿಗೆ ಆಯ್ತು. ರುಕಿಯಕ್ಕನ ಅಂಗಡಿಗೆ?"

ಅವನ ಮಾತು ಸರಿ ಇತ್ತು. ಸರಿ ಇದ್ದದ್ದಕ್ಕೇ ನನಗೆ ಇನ್ನೂ ಸಿಟ್ಟು ಬಂತು. "ಇದನ್ನು ನನ್ನಲ್ಲಿ ಮೊದಲೇ ಹೇಳ್ಲಿಕ್ಕೆ ಏನಾಗಿತ್ತು? ಎಲ್ಲವನ್ನೂ ಒಳಗೇ ಇಟ್ಟುಕೊಂಡು ಕೂರುವುದು ನಿಮಗೆ ರೂಢಿ ಆಗಿದೆ," ಎಂದೆ. ಅವನು ಏನೋ ಹೇಳಲು ಎದ್ದ. ನಾನು ನಿಲ್ಲಲಿಲ್ಲ. ಮುಂದಿನ ನಾಲ್ಕು ಶುಕ್ರವಾರ ಕನ್ನಡಿಯ ಕಡೆ ನೋಡಲೂ ಇಲ್ಲ.

ನವೆಂಬರ್ ಹದಿಮೂರಕ್ಕೆ ಕೊನೆಗೂ ಸಭೆ ಸೇರಿತು. ರುಕಿಯಾಳನ್ನೂ ಕರೆದುಕೊಂಡು ಹೋದೆ. ಅಧ್ಯಕ್ಷರಾದ ಶೇಖ್ ಸಯೀದ್ ನಡುವೆ ಕುಳಿತಿದ್ದರು. ಬಲಗಡೆ ಮುದುಕ ಖಲ್ಫಾನ್, ಕೋವಿ ಹಾರಿಸುವವರಲ್ಲೆಲ್ಲ ದೊಡ್ಡ ಗಂಟಲಿನವನು. ಅವನು ಎದ್ದು ನಿಂತೇ ಮಾತಾಡಿದ. ಎಡ್ವರ್ಡ್ ನನಗೆ ಕನ್ನಡಕ್ಕೆ ತಿರುಗಿಸಿದ: ಕೋವಿಯ ಸದ್ದಿಲ್ಲದ ಮದುವೆ ಸೂತಕದ ಮನೆಯಂತೆ. ಒಬ್ಬ ಹೆಂಗಸಿಗೆ ಗಾಯವಾಯಿತು, ವಾಸಿಯೂ ಆಯಿತು. ಮೈದಾನವೂ ಬೇಡ, ನಿಷೇಧವೂ ಬೇಡ. ಇನ್ನೊಂದು ಸಭೆಯಲ್ಲಿ ನೋಡೋಣ.

ಇನ್ನೊಂದು ಸಭೆ! ನಾನು ಎದ್ದೆ. ಎಡ್ವರ್ಡ್ ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದೆ. "ನೀವು ಸುಮ್ಮನೆ ಕೂತ್ಕೊಳ್ಳಿ," ಎಂದೆ.

ನನಗಿದ್ದದ್ದು ವಾರ್ಡಿನ ಅರಬಿ. ಅದರಲ್ಲಿ ಮರ್ಯಾದೆಯ ಮಾತುಗಳಿಲ್ಲ. ಕೂರು, ಮಲಗು, ಬಾಯಿ ತೆರೆ, ಎಲ್ಲಿ ನೋವು, ಅಳಬೇಡ. ಅಷ್ಟೇ ಬಂಡವಾಳ. ಖಲ್ಫಾನ್‌ನ ಕಡೆ ತಿರುಗಿ, "ಕೂರು," ಎಂದೆ. ಮುದುಕ ಗಾಬರಿಯಾಗಿ ಕುಳಿತೇಬಿಟ್ಟ. ಯಾರೋ ಕಿಸಕ್ಕೆಂದರು.

ರುಕಿಯಾಳ ಭುಜದ ಮೇಲೆ ಬೆರಳಿಟ್ಟೆ. "ಗುಂಡು, ಇಲ್ಲಿ. ಎರಡು ಬೆರಳು ಈ ಕಡೆ ಬಂದಿದ್ದರೆ ಕುತ್ತಿಗೆ. ಹೆಂಗಸು ಸತ್ತಳು. ಖಲಾಸ್. ನಿನ್ನ ಮನೆಯಲ್ಲಿ ಮದುವೆ, ಇವಳ ಮನೆಯಲ್ಲಿ ಮಯ್ಯತ್. ಒಂದೇ ದಿನ. ನಿನಗೆ ಬೇಕಾ?"

ನಗುತ್ತಿದ್ದವರು ನಿಲ್ಲಿಸಿದರು. ಶೇಖ್ ಸಯೀದ್ ಕಾಫಿಯ ಬಟ್ಟಲು ಕೆಳಗಿಟ್ಟು ಎಡ್ವರ್ಡ್‌ನನ್ನು ಏನೋ ಕೇಳಿದರು. ಈ ಹುಡುಗಿ ನಿಜವಾಗಿ ಹೇಳಬೇಕೆಂದಿದ್ದದ್ದು ಇದನ್ನೇನಾ ಎಂದು ಕೇಳಿದ್ದು ಎಂದು ಆಮೇಲೆ ತಿಳಿಯಿತು. ಎಡ್ವರ್ಡ್ ಎದ್ದು ನಿಂತ. ತುಂಬ ಹೊತ್ತು ಮಾತಾಡಿದ. 'ಶ್ವಯ್ಯ' ಎಂಬ ಶಬ್ದ ಒಮ್ಮೆಯೂ ಬರಲಿಲ್ಲ.

ಆವತ್ತು ಊರೊಳಗೆ ಕೋವಿ ಹಾರಿಸುವುದು ನಿಷೇಧವಾಯಿತು. ಗುಡ್ಡದ ಕಡೆಯ ಬಯಲಿಗೆ ದುಡ್ಡು ಮಂಜೂರಾಯಿತು. ನನ್ನ ವಾರ್ಡಿನ ಮಾಡು ಬರುವ ವರ್ಷಕ್ಕೆ ಹೋಯಿತು. ಗೆದ್ದೆ ಎನ್ನಲೋ ಸೋತೆ ಎನ್ನಲೋ ತಿಳಿಯದೆ ಮೆಟ್ಟಿಲು ಇಳಿದೆ.

ಎಡ್ವರ್ಡ್ ಹಿಂದಿನಿಂದ ಓಡಿ ಬಂದ.

"ಶೇಖ್ ಸಾಹೇಬರಿಗೆ ಎಂಥ ಹೇಳಿದಿರಿ?"

"ಮೇ ತಿಂಗಳಲ್ಲೂ ನೀವು ಇದನ್ನೇ ಹೇಳಿದ್ರಿ, ನಾನು ಹೆದರಿ ಅರ್ಧ ನುಂಗಿದೆ ಅಂತ. ತಪ್ಪು ದುಭಾಷಿಯದ್ದು ಅಂತ."

"ಕೆಲಸ ಹೋದ್ರೆ?"

"ಹೋಗ್ಲಿ. ಇನ್ನೊಂದು ಉಂಟು, ಅದನ್ನೂ ಹೇಳಿಬಿಡ್ತೇನೆ." ಅವನು ಏದುಸಿರು ಬಿಡುತ್ತಿದ್ದ. "ಈಸ್ಟರ್ ದಿನ ರೂವಿಯಲ್ಲಿ ನಿಮ್ಮ ಅಣ್ಣನಲ್ಲಿ ನಿಮ್ಮನ್ನು ಕೇಳಿದ್ದೆ. ಊರಲ್ಲಿ ಅಮ್ಮನತ್ರ ಮಾತಾಡ್ತೇನೆ, ಅಲ್ಲಿವರೆಗೆ ತಂಗಿಯತ್ರ ಒಂದಕ್ಷರ ಎತ್ತಬಾರದು ಅಂತ ಮಾತು ತಗೊಂಡ್ರು. ಮನೆ ಹಿರಿಯರನ್ನು ಕೇಳದೆ ಹುಡುಗಿಯತ್ರ ನೇರ ಹೇಳುವುದು ಮರ್ಯಾದೆ ಅಲ್ಲ ಅಂತ ನಾನೂ ಒಪ್ಪಿದೆ. ಅವರಿಗೆ ಆರು ಕಾಗದ ಬರೆದೆ. ಬಂದದ್ದು ಒಂದೇ ಉತ್ತರ, ಕಾಯಬೇಕು ಅಂತ."

ಏಳೂವರೆ ತಿಂಗಳು. ಹತ್ತಿಯ ಕಟ್ಟು, ಉಪ್ಪಿನಕಾಯಿ, ಸ್ಟೋರ್ ರೂಮಿನ ಕಣ್ಣೀರು ಎಲ್ಲ ಒಟ್ಟಿಗೆ ನುಗ್ಗಿ ಬಂತು. ಅಣ್ಣನ ಮೇಲೆ ಬಂದ ಸಿಟ್ಟು ಎದುರಿಗಿದ್ದವನ ಮೇಲೆ ಹೋಯಿತು.

"ಹಾಗಾದ್ರೆ ಹೋಗಿ, ಆಲ್ಫ್ರೆಡಣ್ಣನನ್ನೇ ಮದುವೆಯಾಗಿ!"

"ಯಾ ಅಲ್ಲಾ," ಎಂದಳು ರುಕಿಯಾ, "ಹುಡುಗಿಯನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿದ್ದಾ ನೀವು?"

"ಇವತ್ತೇ ಸೂರ್‌ಗೆ ಹೋಗ್ತೇನೆ," ಎಂದ ಅವನು. "ಮಾತು ಮುರಿದೆ ಅಂತ ಅವರ ಎದುರೇ ನಿಂತು..."

"ಸೂರ್‌ಗೆ ಯಾಕೆ? ಹುಡುಗಿ ಇಲ್ಲಿದ್ದಾಳೆ," ಎಂದೆ ನಾನು.

ರುಕಿಯಾ ತಲೆವಸ್ತ್ರ ಸರಿಮಾಡಿಕೊಂಡು ಬೇವಿನ ಮರದ ಆಚೆಗೆ ಹೋಗಿ, ನಮಗೆ ಬೆನ್ನು ಹಾಕಿ ನಿಂತಳು. ಕಿವಿ ಮಾತ್ರ ಇತ್ತಲೇ ಇತ್ತು.

ಎಡ್ವರ್ಡ್ ಈ ಸಲ ಶೂ ನೋಡಲಿಲ್ಲ. ಕನ್ನಡಕಕ್ಕೂ ಕೈ ಹಾಕಲಿಲ್ಲ. ಕಣ್ಣಿನಲ್ಲಿ ನೀರಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

"ನಂಗೆ ನೀನು ಬೇಕು, ರೋಸಾ. ನೀನು ಬೇರೆಯವರ ಮನೆಗೆ ಹೋದ್ರೆ ನಾನು ಬದುಕ್ತೇನೆ, ಆಫೀಸಿಗೂ ಹೋಗ್ತೇನೆ. ಆದ್ರೆ ಅದು ಬದುಕು ಅಲ್ಲ. ಇಪ್ಪತ್ತಕ್ಕೆ ಹೋಗ್ಬೇಡ."

ಇಷ್ಟು ತಿಂಗಳು ಇದೇ ಮಾತಿಗೆ ಕಾದವಳು ನಾನು.

"ಹೋಗ್ತೇನೆ," ಎಂದೆ.

ಅವನ ಮುಖ ಇಳಿದುಹೋಯಿತು.

"ಹೋಗಿ ಅಮ್ಮನತ್ರ ನಾನೇ ಹೇಳ್ತೇನೆ. ನಿಮ್ಮನ್ನು ಕಳಿಸಿದ್ರೆ ಅಮ್ಮನಿಗೆ ಅರ್ಧವೇ ಮುಟ್ಟುವುದು."

"ಎಂಥ ಹೇಳ್ತಿ?"

"ಬೆಂದೂರಿನ ಎಡ್ವರ್ಡ್ ಬೇಕು ಅಂತ. ಬೇರೆ ಯಾರೂ ಬೇಡ ಅಂತ."

ಅವನು ನಕ್ಕ. ಕೈ ಚಾಚಿದವನು, ಮುನ್ಸಿಪಾಲಿಟಿಯ ಕಿಟಕಿಯಲ್ಲಿ ಖಲ್ಫಾನ್ ನಿಂತು ನೋಡುತ್ತಿರುವುದು ಕಂಡು ಹಿಂದಕ್ಕೆ ತೆಗೆದ. ನಾನು ಆ ಕೈಯನ್ನು ಹಿಡಿದುಕೊಂಡೆ.